ಅಭಾವದ ಬೆಲೆ

ನಮ್ಮ ತಾರ್ಕಿಕರು ಜಗತ್ತಿನ ಸಮಸ್ತ ಪದಾರ್ಥಗಳನ್ನು ಎಣಿಸಲು ಹೊರಟಾಗ ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರನ್ನು ಹೇಳಿ, ಅಷ್ಟಕ್ಕೇ ತೃಪ್ತರಾಗದೆ ಏಳನೆಯದೊಂದನ್ನು ಸೇರಿಸಿದರು, ಅದು ಅಭಾವ. ಕಣಾದನ ಎಣಿಕೆಯಲ್ಲಿ ಪ್ರತ್ಯೇಕ ಸ್ಥಾನವನ್ನು ಪಡೆಯದಿದ್ದ ಈ ಪದಾರ್ಥವು ಶಿವಾದಿತ್ಯನ ‘ಸಪ್ತಪದಾರ್ಥಿ’ಯ ಕಾಲಕ್ಕೆ ಮಿಕ್ಕ ಆರರೊಡನೆ ಸಮಪಂಕ್ತಿಯಲ್ಲಿ ಕುಳಿತಿತು. ನೆಲದ ಮೇಲೆ ಗಡಿಗೆಯಿದೆ ಎಂಬುದು ಹೇಗೆ ಒಂದು ಅರಿವೋ, ನೆಲದ ಮೇಲೆ ಗಡಿಗೆಯಿಲ್ಲ ಎಂಬುದೂ ಹಾಗೆಯೇ ಒಂದು ಅರಿವು. ಅರಿವಿಗೆ ವಿಷಯವಾದುದನ್ನು ಲೆಕ್ಕದಿಂದ ಹೊರಗಿಡುವುದು ಹೇಗೆ ಎಂಬುದು ಅವರ ವಾದ. ಇಂಥ ಸೂಕ್ಷ್ಮ ವಿಚಾರದಿಂದ ಲೋಕವ್ಯವಹಾರಕ್ಕೆ ಏನು ಪ್ರಯೋಜನವೆಂದು ಕೇಳುವವರುಂಟು. ಅವರಿಗೆ ಉತ್ತರ ಪಾಠಶಾಲೆಯಲ್ಲಿ ಸಿಕ್ಕದಿದ್ದರೂ ಪೇಟೆಯಲ್ಲಿ ಸಿಕ್ಕೀತು; ಏಕೆಂದರೆ ಇಲ್ಲದಿರುವಿಕೆಗೆ ದರ ಕಟ್ಟಿ, ಅದನ್ನು ಕೊಂಡು ಮಾರುವ ಒಂದು ದೊಡ್ಡ ವ್ಯಾಪಾರವೇ ಇಂದು ಲೋಕದಲ್ಲಿ ನಡೆದಿದೆ, ಮತ್ತು ಅದರ ಸ್ವರೂಪವನ್ನು ಅರ್ಥಶಾಸ್ತ್ರದ ಪಂಡಿತರಿಗಿಂತ ನಮ್ಮ ತಾರ್ಕಿಕರೇ ಚೆನ್ನಾಗಿ ಬಿಡಿಸಿ ತೋರಿಸಬಲ್ಲರು.

ಮೊದಲು ಇರುವಿಕೆಯ ವ್ಯಾಪಾರವನ್ನು ನೋಡೋಣ. ಹಾವೇರಿ ಸೀಮೆಯ ಕರ್ಜಗಿಯವರಾದ ನಾವು ಅದಕ್ಕಾಗಿ ದೂರ ಹೋಗಬೇಕಾದುದಿಲ್ಲ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯ ಪ್ರಾಂಗಣವನ್ನು ಹೊಕ್ಕರೆ, ಕಣ್ಣು ಹೋದಷ್ಟು ದೂರ ಕೆಂಪು ಹಾಸಿದಂತೆ ಕಾಣುವ ಮೆಣಸಿನಕಾಯಿಯ ಚೀಲಗಳ ನಡುವೆ ದಲಾಲರೂ, ಹಮಾಲರೂ, ರೈತರೂ, ಖರೀದಿದಾರರೂ ಕೆಮ್ಮುತ್ತ ಸೀನುತ್ತ ಓಡಾಡುತ್ತಿರುವರು. ಅನುಭವಿಯಾದ ಖರೀದಿದಾರನು ಚೀಲದ ಬಾಯಿಯ ಕಾಯನ್ನು ನಂಬುವುದಿಲ್ಲ. ಕೈಯನ್ನು ಒಳಕ್ಕಿಳಿಸಿ ನಡುವಿನಿಂದ ಒಂದು ಹಿಡಿಯನ್ನೆತ್ತುವನು. ತೊಗಟೆಯ ಸುಕ್ಕನ್ನು ನೋಡುವನು. ಅಂಗೈಯಲ್ಲಿ ಅದುಮಿ ಹಸಿಯುಂಟೋ ಒಣಗಿದೆಯೋ ಎಂದು ತಿಳಿಯುವನು. ಒಂದನ್ನು ಮುರಿದು ಬೀಜವನ್ನು ಕೊಡವಿ ಒಳಮೈಯ ಬಣ್ಣವನ್ನು ಬೆಳಕಿಗೆ ಹಿಡಿಯುವನು. ಬಿಳಿಗಾಯಿ ಬೆರೆತಿದ್ದರೆ ಮುಖವನ್ನು ತಿರುವುವನು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಈ ಕಾಯಿಗೆ, ಅದು ಡಬ್ಬಿಯಾಗಲಿ ಕಡ್ಡಿಯಾಗಲಿ, ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ; ಆ ಬಣ್ಣವು ಅಡಿಗೆಯ ಮನೆಯನ್ನೂ ಅರಕು ತೆಗೆಯುವ ಕಾರ್ಖಾನೆಯನ್ನೂ ಸೇರಿ ಅಲ್ಲಿಯೇ ಕರಗಿ ಮುಗಿಯುತ್ತದೆ. ಇಲ್ಲಿ ಬೆಲೆಯು ದ್ರವ್ಯವನ್ನೂ ಅದರ ಗುಣವನ್ನೂ ಆಶ್ರಯಿಸಿಕೊಂಡಿದೆ. ಮಳೆ ಕೈಕೊಟ್ಟ ವರ್ಷ ಮೆಣಸಿನಕಾಯಿಯ ದರವೂ ಏರುವುದಿಲ್ಲವೇ, ಅಲ್ಲಿಯೂ ಅಭಾವವೇ ಕೆಲಸ ಮಾಡಲಿಲ್ಲವೇ, ಎಂದು ಯಾರಾದರೂ ಕೇಳಿದರೆ, ಅಹುದು, ಮಾಡಿತು. ಆದರೆ ಆ ಏರಿಕೆಗೆ ಒಂದು ಎಲ್ಲೆಯುಂಟು. ದರ ಮಿತಿಮೀರಿದೊಡನೆ ಗೃಹಿಣಿಯು ಸಾರಿಗೆ ಎರಡು ಕಾಯಿ ಕಡಮೆ ಹಾಕುವಳು. ಅಭಾವವು ಅಲ್ಲಿ ಬೆಲೆಯನ್ನು ಏರಿಳಿಸುವ ಆಗಂತುಕ, ಬೆಲೆಯ ಮನೆಯೊಡೆಯನಲ್ಲ.

ಅಭಾವವೇ ಮನೆಯೊಡೆಯನಾದ ವ್ಯಾಪಾರವನ್ನು ನೋಡಬೇಕಾದರೆ ಸಮುದ್ರವನ್ನು ದಾಟಿ ಕೆನಡಾ ದೇಶಕ್ಕೆ ಹೋಗಬೇಕು. ಅಲ್ಲಿ ಹಾಕಿಯೆಂದರೆ ನಮ್ಮ ಕೊಡಗಿನ ಮೈದಾನದ ಆಟವಲ್ಲ. ಹಿಮಗಟ್ಟಿದ ನೀರಿನ ಮೇಲೆ ಉಕ್ಕಿನ ಅಲಗಿನ ಪಾದರಕ್ಷೆ ಕಟ್ಟಿ ಜಾರುತ್ತ ಆಡುವ ಆಟ. ಆ ಆಟಗಾರರ ಚಿತ್ರಗಳನ್ನು ಅಂಗೈಯಗಲದ ರಟ್ಟಿನ ಚೀಟಿಗಳ ಮೇಲೆ ಅಚ್ಚುಹಾಕಿ 1910-11ರ ಸುಮಾರಿಗೆ ಸಿಗರೇಟಿನ ಪೊಟ್ಟಣಗಳೊಳಗೆ ಇಡತೊಡಗಿದರು. ಮುಂದೆ ಅವು ಮಿಠಾಯಿಯ ಜೊತೆಗೂ, 1930ರ ದಶಕದಿಂದ ಜಗಿಯುವ ಗೋಂದಿನ ಜೊತೆಗೂ ಬಂದವು. ನಮ್ಮ ಹುಡುಗರು ಕಡ್ಡಿಪೆಟ್ಟಿಗೆಯ ಚಿತ್ರಗಳನ್ನೂ, ಆಮೇಲೆ ಬಬಲ್‌ಗಮ್ಮಿನ ಕ್ರಿಕೆಟ್ ಚೀಟಿಗಳನ್ನೂ ಕೂಡಿಹಾಕಿ ಪಣಕ್ಕಿಟ್ಟು ಆಡಿದಂತೆಯೇ ಅಲ್ಲಿಯ ಹುಡುಗರೂ ಆಡಿದರು. ಆಡಿ, ಮಡಿಸಿ, ಸೈಕಲ್ಲಿನ ಗಾಲಿಯ ಕಡ್ಡಿಗಳಿಗೆ ಸಿಕ್ಕಿಸಿ ಸದ್ದು ಮಾಡಿ, ಕೊನೆಗೆ ಬಿಸಾಡಿದರು. ಈಗ ಅವೇ ಚೀಟಿಗಳು ಹರಾಜಿನ ಕಟ್ಟೆಯನ್ನೇರಿವೆ. 1979ರಲ್ಲಿ ಓ-ಪೀ-ಚೀ ಎಂಬ ಕಂಪನಿಯು ಅಚ್ಚುಹಾಕಿದ, ಹದಿನೆಂಟರ ಹರೆಯದ ವೇನ್ ಗ್ರೆಟ್ಸ್ಕಿ ಎಂಬ ಆಟಗಾರನ ಚಿತ್ರವುಳ್ಳ ಒಂದು ಚೀಟಿಯು 2021ರಲ್ಲಿ 37 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಆ ರಟ್ಟನ್ನು ಒಲೆಗೆ ಹಾಕಿದರೆ ಒಂದು ಬಟ್ಟಲು ಚಹವೂ ಕಾಯಲಾರದು.

ಕೆನಡಾದಲ್ಲಿ ನೆಲೆಸಿರುವ ನಮ್ಮ ಬಳಗದ ತರುಣನೊಬ್ಬ ಒಮ್ಮೆ ಕಾರಹುಣ್ಣಿಮೆಗೆಂದು ಕರ್ಜಗಿಗೆ ಬಂದವನು, ಅಂಥದೇ ಆದರೆ ಅಲ್ಪ ಬೆಲೆಯ ಒಂದು ಚೀಟಿಯನ್ನು ಗಟ್ಟಿಯಾದ ಪಾರದರ್ಶಕ ಕವಚದಲ್ಲಿಟ್ಟು ತಂದಿದ್ದನು. ಕರ್ಜಗಿಯ ಕಾರಹುಣ್ಣಿಮೆ ನಮ್ಮ ಸೀಮೆಗೆಲ್ಲ ಹೆಸರಾದದ್ದು. ಆ ದಿನಗಳಲ್ಲಿ ಕಟ್ಟೆಯ ಮೇಲೆ ಕುಳಿತವರ ಮಾತೆಲ್ಲ ಎತ್ತಿನ ಹಲ್ಲು, ಸುಳಿ, ಕೋಡು, ನಡೆಗಳ ಪರೀಕ್ಷೆಯೇ. ಎತ್ತಿನ ಪರೀಕ್ಷೆಯಲ್ಲಿ ತಲೆ ನರೆತ ರೈತರೊಬ್ಬರು ಆ ಚೀಟಿಯನ್ನು ಕೈಗೆ ತೆಗೆದುಕೊಂಡು, ಹಿಂದೆಮುಂದೆ ತಿರುಗಿಸಿ ನೋಡಿ, “ತಮ್ಮಾ, ಇದು ಎದಕ್ಕ ಬರತೈತಿ?” ಎಂದರು. “ಎದಕ್ಕೂ ಬರಂಗಿಲ್ಲ ಕಾಕಾ, ಇಟಗೊಂಡ್ರ ಬೆಲಿ ಏರತೈತಿ.” “ಯಾಕ ಏರತೈತಿ? ಮೇವು ತಿಂದು ಬೆಳೀತೈತೇನು?” “ಹಂಗಲ್ಲ, ಉಳದವ್ರು ತಮ್ಮವನ್ನ ಹರದು ಒಗದಾರ; ಅದಕ್ಕ.” ಮುದುಕರು ತುಸು ಹೊತ್ತು ಸುಮ್ಮನಿದ್ದು, “ಅಂದ್ರ ಅವ್ರು ಒಗದದ್ದರ ರೊಕ್ಕ ನಿನಗ ಬಂತು ಅನ್ನು” ಎಂದು ಚೀಟಿಯನ್ನು ಹಿಂದಿರುಗಿಸಿದರು. ಈ ಪ್ರಬಂಧದಲ್ಲಿ ನಾನು ಮಾಡಬೇಕೆಂದಿರುವುದು ಆ ಮಾತಿಗೆ ಶಾಸ್ತ್ರದ ಅಂಗಿಯನ್ನು ತೊಡಿಸುವುದಷ್ಟೆ.

ತಾರ್ಕಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸುವರು. ವಸ್ತುವು ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಹುಟ್ಟಿದ್ದು ನಾಶವಾದ ಬಳಿಕದ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬಂತೆ ಒಂದು ಮತ್ತೊಂದಾಗದಿರುವಿಕೆ ಅನ್ಯೋನ್ಯಾಭಾವ. ಮೂರು ಕಾಲದಲ್ಲಿಯೂ ಒಂದೆಡೆ ಒಂದು ಇಲ್ಲದಿರುವಿಕೆ ಅತ್ಯಂತಾಭಾವ. ಹಳೆಯ ಚೀಟಿಗಳ ವ್ಯಾಪಾರವು ಈ ನಾಲ್ಕನ್ನೂ ಒಂದೊಂದಾಗಿ ತನ್ನ ತಕ್ಕಡಿಯಲ್ಲಿಟ್ಟು ತೂಗುತ್ತದೆ.

ಪ್ರಾಗಭಾವವನ್ನು ತಯಾರಕನೇ ಬುದ್ಧಿಪೂರ್ವಕವಾಗಿ ನಿರ್ಮಿಸಿದ ನಿದರ್ಶನವು 1923-24ರದು. ಆಂಟೇರಿಯೊ ಪ್ರಾಂತದ ವಿಲಿಯಂ ಪ್ಯಾಟರ್ಸನ್ ಎಂಬ ಮಿಠಾಯಿಯ ಕಂಪನಿಯು 40 ಚೀಟಿಗಳ ಒಂದು ಮಾಲೆಯನ್ನು ಹೊರಡಿಸಿ, ಅದನ್ನು ಪೂರ್ತಿಯಾಗಿ ಕೂಡಿಸಿದ ಹುಡುಗರಿಗೆ ಜಾರುವ ಪಾದರಕ್ಷೆಯ ಜೋಡಿಯನ್ನು ಬಹುಮಾನವಾಗಿ ಕೊಡುವುದಾಗಿ ಸಾರಿತು. ಸಾರಿ, ಬರ್ಟ್ ಕಾರ್ಬೋ ಎಂಬ ಆಟಗಾರನ 25ನೆಯ ಚೀಟಿಯನ್ನು ಮಾತ್ರ ಅತಿ ಸ್ವಲ್ಪವಾಗಿ ಅಚ್ಚುಹಾಕಿಸಿತು. ಮೂವತ್ತೊಂಬತ್ತು ಚೀಟಿಗಳನ್ನು ಕೈಯಲ್ಲಿ ಹಿಡಿದ ಬಾಲಕರು ನಲವತ್ತನೆಯದಕ್ಕಾಗಿ ಮಿಠಾಯಿಯನ್ನು ಕೊಳ್ಳುತ್ತಲೇ ಹೋದರು. ಇಂದು ಆ 25ನೆಯ ಚೀಟಿಯೇ ಮಾಲೆಯ ರತ್ನ. ಕಾರ್ಬೋ ಮಿಕ್ಕವರಿಗಿಂತ ಮಿಗಿಲಾದ ಆಟಗಾರನೆಂದಲ್ಲ. ಆ ಕಾಲದ ಬಾಲಕರ ನಿರಾಶೆಯೇ ಬಡ್ಡಿ ಬೆಳೆದು ಇಂದಿನ ಸಂಗ್ರಾಹಕನ ಐಶ್ವರ್ಯವಾಗಿದೆ.

ಪ್ರಧ್ವಂಸಾಭಾವದ ನಿದರ್ಶನಗಳಿಗಂತೂ ಲೆಕ್ಕವಿಲ್ಲ. 1951-52ರಲ್ಲಿ ಪಾರ್ಕ್‌ಹರ್ಸ್ಟ್ ಕಂಪನಿಯವರು ಹೊರಡಿಸಿದ 105 ಚೀಟಿಗಳ ಮಾಲೆಯನ್ನು ಪೊಟ್ಟಣ ಕಟ್ಟುವ ಮೊದಲು ಕಲಸುವುದಕ್ಕಾಗಿ ಸಿಮೆಂಟು ಕಲಸುವ ಯಂತ್ರದಲ್ಲಿಯೇ ತಿರುಗಿಸಿದರೆಂದು ಈ ವ್ಯಾಪಾರದವರೆಲ್ಲ ಹೇಳುವರು. ಮೂಲೆ ಮುರಿಯದೆ ಹೊರಬಂದವು ವಿರಳ. ಹಾಗೆ ಹೊರಬಂದವನ್ನೂ ಹುಡುಗರು ಪ್ರೀತಿಯಿಂದ ಸವೆಸಿದರು. ಉಪೇಕ್ಷೆಯಿಂದ ನಾಶವಾಗುವುದು ಬೇರೆ, ಉಪಯೋಗದಿಂದ ನಾಶವಾಗುವುದು ಬೇರೆ. ನಮ್ಮ ಹಾವೇರಿಯ ಸೀಮೆಯವರೇ ಆದ ಗಳಗನಾಥರು (1869–1942) ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಗೆ ಬರೆದು, ತಮ್ಮ ಕಾದಂಬರಿಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದರು. ಆ ಕಾಲದ ಪ್ರತಿಗಳು ಇಂದು ಸುಲಭವಾಗಿ ಸಿಕ್ಕದಿರುವುದಕ್ಕೆ ಕಾರಣ, ಅವನ್ನು ಕೊಂಡವರು ಓದಿದರು. ಓದಿ ನೆರೆಮನೆಗೆ ಕೊಟ್ಟರು. ನೆರೆಮನೆಯವರು ಬೀಗರೂರಿಗೆ ಕೊಟ್ಟುಕಳುಹಿದರು. ಹಾಳೆ ಕಿತ್ತು, ಹೊದಿಕೆ ಹೋಗಿ, ಪುಸ್ತಕವು ಓದುಗರಲ್ಲಿ ಲೀನವಾಯಿತು. ಪುಸ್ತಕಕ್ಕೆ ಇದಕ್ಕಿಂತ ಸದ್ಗತಿ ಯಾವುದು? ಆದರೆ ಹಳೆಯ ಪುಸ್ತಕಗಳ ವ್ಯಾಪಾರಿಯ ಲೆಕ್ಕದಲ್ಲಿ, ಯಾರೂ ಓದದೆ ಟ್ರಂಕಿನಲ್ಲಿ ಕೊಳೆಯದೆ ಉಳಿದ ಒಂದು ಪ್ರತಿಗೆ, ನೂರು ಜನರ ಕಣ್ಣೀರು ಬಿದ್ದ ಪ್ರತಿಗಿಂತ ಹೆಚ್ಚಿನ ಬೆಲೆ.

ಈ ವಿಪರ್ಯಾಸವು ಚೀಟಿಗಳ ದರ್ಜೆ ನಿರ್ಣಯಿಸುವ ಕ್ರಮದಲ್ಲಿ ಪರಾಕಾಷ್ಠೆಗೆ ಮುಟ್ಟಿದೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ರತ್ನಪರೀಕ್ಷೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಇಂದಿನವರು ರಟ್ಟಿನ ಪರೀಕ್ಷೆಗೆಂದು ಸಂಸ್ಥೆಗಳನ್ನೇ ಕಟ್ಟಿರುವರು. ಅಮೆರಿಕದ ಪಿ.ಎಸ್.ಎ. ಎಂಬ ಸಂಸ್ಥೆಯು 1991ರಿಂದ ಈ ಕೆಲಸವನ್ನು ಮಾಡುತ್ತ, ನಾಲ್ಕು ಮೂಲೆ, ನಾಲ್ಕು ಅಂಚು, ಮೇಲ್ಮೈ, ಚಿತ್ರವು ನಡುವಿಗೆ ಬಂದಿದೆಯೋ ಇಲ್ಲವೋ ಎಂಬಿವನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿ, ಒಂದರಿಂದ ಹತ್ತರವರೆಗೆ ಅಂಕವನ್ನಿಟ್ಟು, ಚೀಟಿಯನ್ನು ಕವಚದಲ್ಲಿಟ್ಟು ಮುದ್ರೆಯೊತ್ತಿ ಕೊಡುತ್ತದೆ. ಯಾವ ಚೀಟಿಯ ಎಷ್ಟು ಪ್ರತಿಗಳಿಗೆ ಯಾವ ದರ್ಜೆ ಸಂದಿದೆಯೆಂಬ ಜನಗಣತಿಯನ್ನೂ ಪ್ರಕಟಿಸುತ್ತದೆ. ಗ್ರೆಟ್ಸ್ಕಿಯ ಆ ಚೀಟಿಗಳನ್ನು ತಂತಿಯಿಂದ ಕತ್ತರಿಸಿದುದರಿಂದ ಅವುಗಳ ಅಂಚು ಹುಟ್ಟಿನಿಂದಲೇ ಒರಟು. ಹತ್ತಕ್ಕೆ ಹತ್ತು ಪಡೆದವು ಎರಡೇ ಎರಡು. ಹತ್ತರ ಚೀಟಿಗೂ ಒಂಬತ್ತರ ಚೀಟಿಗೂ ಇರುವ ಭೇದವನ್ನು ಬರಿಗಣ್ಣು ಕಾಣದು. ಆದರೂ ಬೆಲೆಯಲ್ಲಿ ಅಜಗಜಾಂತರ. ಇದೇ ಅನ್ಯೋನ್ಯಾಭಾವದ ಬೆಲೆ: ಇದು ಅದಲ್ಲ ಎಂಬಷ್ಟಕ್ಕೇ ಕೊಡುವ ಹಣ. ಮತ್ತು ಹತ್ತರ ಚೀಟಿಯ ಚರಿತ್ರೆಯೇನು? ಅದನ್ನು ಪಡೆದ ಹುಡುಗನು ಅದರೊಡನೆ ಆಡಲಿಲ್ಲ. ಗೆಳೆಯನಿಗೆ ತೋರಿಸಲು ಜೇಬಿಗಿಳಿಸಲಿಲ್ಲ. ಪ್ರಾಯಶಃ ಮುಟ್ಟಲೇ ಇಲ್ಲ. ಆಟಕ್ಕಾಗಿ ಹುಟ್ಟಿದ ವಸ್ತುವಿನಲ್ಲಿ ಆಟದ ಗುರುತು ಇಲ್ಲದಿರುವುದೇ ಪರಮಗುಣವೆಂದೆಣಿಸಿದ ಮೇಲೆ, ಆ ವಸ್ತುವಿನ ಧರ್ಮಕ್ಕೂ ಅದರ ಬೆಲೆಗೂ ಇದ್ದ ನಂಟು ಕಡಿದುಹೋಯಿತೆಂದೇ ಹೇಳಬೇಕು.

ಅತ್ಯಂತಾಭಾವಕ್ಕೆ ಬಂದರೆ ಇನ್ನೂ ಸೋಜಿಗ. ಕೆನಡಾದ ರಿಜೈನಾ ಪಟ್ಟಣದ ಒಂದು ಮನೆಯಲ್ಲಿ, ಅದೇ 1979ರ ಚೀಟಿಗಳ ಒಡೆಯದ ಪೆಟ್ಟಿಗೆಯೊಂದು ದೊರೆಯಿತು. ಒಳಗೆ 16 ಡಬ್ಬಿಗಳು. ಡಬ್ಬಿಗೆ 48 ಪೊಟ್ಟಣ. ಪೊಟ್ಟಣಕ್ಕೆ 14 ಚೀಟಿ. ಒಟ್ಟು ಹತ್ತು ಸಾವಿರಕ್ಕೆ ಮಿಕ್ಕ ಚೀಟಿಗಳು. ಅವುಗಳಲ್ಲಿ ಗ್ರೆಟ್ಸ್ಕಿಯ ಚೀಟಿಗಳೆಷ್ಟು, ಅವು ಯಾವ ದರ್ಜೆಯವು, ಒಂದಾದರೂ ಹತ್ತರದು ಉಂಟೋ ಎಂಬುದನ್ನು ತೆರೆಯದೆ ಯಾರೂ ಅರಿಯಲಾರರು. ತೆರೆದರೆ ತೆರೆಯದ ಪೆಟ್ಟಿಗೆಯೆಂಬ ಅದರ ಮಹಿಮೆಯೇ ಹೋಯಿತು. 2024ರ ಫೆಬ್ರವರಿಯಲ್ಲಿ ಅದು 37 ಲಕ್ಷ 20 ಸಾವಿರ ಡಾಲರಿಗೆ ಹರಾಜಾಯಿತು. ಆ ಹಣವು ಯಾವುದಕ್ಕೆ ಸಂದಿತು? ಕಂಡ ವಸ್ತುವಿಗಲ್ಲ, ಏಕೆಂದರೆ ಕಂಡದ್ದು ಹೊರಗಿನ ರಟ್ಟು ಮಾತ್ರ; ಕಾಣುವ ವಸ್ತುವಿಗೂ ಅಲ್ಲ, ಏಕೆಂದರೆ ಕಂಡೊಡನೆ ಬೆಲೆಯು ಬೇರೆಯಾಗುವುದು. ಮೂರು ಕಾಲದಲ್ಲಿಯೂ ಆ ರಟ್ಟಿನೊಳಗೆ ಇಲ್ಲದ ಒಂದು ಸಂಗತಿ, ಅಂದರೆ ಕೊಳ್ಳುವವನ ಆಶೆ, ಅಲ್ಲಿ ಇದೆಯೆಂದು ಎಣಿಸಿ ಕೊಟ್ಟ ಹಣವದು. ಬೆಲೆಯೆಂಬುದು ದ್ರವ್ಯದಲ್ಲಿ ಅತ್ಯಂತಾಭಾವವುಳ್ಳದ್ದೆಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷ್ಯಕಾರನೂ ತೋರಿಸಲಾರನು.

ಇಷ್ಟೇ ಆಗಿದ್ದರೆ ಇದು ಶ್ರೀಮಂತರ ಒಂದು ವಿನೋದವೆಂದು ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಅಭಾವವನ್ನು ಕೊಂಡವನ ಅಂತಃಕರಣದಲ್ಲಿ ಏನಾಗುತ್ತದೆಂಬುದನ್ನು ನೋಡಿದಾಗ ಪ್ರಶ್ನೆಯು ಧರ್ಮದ ಪ್ರಶ್ನೆಯಾಗಿ ಮಾರ್ಪಡುತ್ತದೆ. ನೈಯಾಯಿಕರು ಹೇಳುವಂತೆ ಅಭಾವಕ್ಕೆ ಪ್ರತಿಯೋಗಿಯೊಂದು ಇರಲೇಬೇಕು. ಇಲ್ಲ ಎಂದೊಡನೆ ಯಾವುದು ಇಲ್ಲ ಎಂಬ ಪ್ರಶ್ನೆ ಏಳುವುದು. ಸಂಗ್ರಾಹಕನು ಕೊಂಡ ಅಭಾವಕ್ಕೆ ಪ್ರತಿಯೋಗಿಯು ಅನ್ಯರ ಕೈಯಲ್ಲಿ ಇರಬಹುದಾಗಿದ್ದ ಚೀಟಿ. ಅನ್ಯರ ಕೈ ಬರಿದಾದಷ್ಟೂ ತನ್ನ ಕೈ ತುಂಬಿತೆಂದು ಎಣಿಸುವ ಅಭ್ಯಾಸವು ಒಮ್ಮೆ ಬೇರೂರಿತೆಂದರೆ, ಅವನ ಹರ್ಷಶೋಕಗಳ ದಿಕ್ಕೇ ತಿರುಗಿಬಿಡುವುದು. ಎಲ್ಲಿಯೋ ಒಂದು ಮನೆಗೆ ಬೆಂಕಿ ಬಿದ್ದು ಅಂಥದೇ ಇನ್ನೊಂದು ಚೀಟಿ ಸುಟ್ಟಿತೆಂಬ ವಾರ್ತೆ ಬಂದರೆ, ಬಾಯಿ ಅಯ್ಯೋ ಎಂದರೂ ಮನಸ್ಸು ಲೆಕ್ಕ ಹಾಕುವುದು.

ಈ ಮನೋಧರ್ಮವು ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ಅಂಚೆಚೀಟಿಗಳ ಲೋಕದ ಒಂದು ದಂತಕಥೆಯು ಹೇಳುತ್ತದೆ. ಬ್ರಿಟಿಷ್ ಗಯಾನಾದಲ್ಲಿ 1856ರಲ್ಲಿ ಅಚ್ಚಾದ ಒಂದು ಸೆಂಟಿನ ಕೆನ್ನೀಲಿ ಬಣ್ಣದ ಅಂಚೆಚೀಟಿಯು ಜಗತ್ತಿನಲ್ಲಿ ಒಂದೇ ಉಳಿದಿದೆಯೆಂದು ಪ್ರಸಿದ್ಧಿ. 2021ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 83 ಲಕ್ಷ ಡಾಲರುಗಳನ್ನು ತಂದಿತು. ಅದನ್ನು 1922ರಲ್ಲಿ ಕೊಂಡ ಆರ್ಥರ್ ಹೈಂಡ್ ಎಂಬ ಧನಿಕನ ಬಳಿಗೆ ಒಬ್ಬನು ಅದರ ಎರಡನೆಯ ಪ್ರತಿಯನ್ನು ತಂದನಂತೆ. ಧನಿಕನು ಕೇಳಿದ ಹಣವನ್ನೆಣಿಸಿ ಕೊಟ್ಟು, ಅದನ್ನು ಕೈಗೆ ತೆಗೆದುಕೊಂಡು, ಬಾಯಲ್ಲಿದ್ದ ಚುಟ್ಟದ ಕೆಂಡಕ್ಕೆ ಹಿಡಿದು ಸುಟ್ಟು, ಈಗ ಇರುವುದು ಒಂದೇ ಎಂದನಂತೆ. ಕಥೆಯು ಕಟ್ಟುಕಥೆಯೇ ಇರಬಹುದು. ಆದರೆ ಸಂಗ್ರಾಹಕರೇ ತಮ್ಮ ವಿಷಯವಾಗಿ ಇದನ್ನು ಬಹುಕಾಲದಿಂದ ಹೇಳಿಕೊಂಡು ಬಂದಿರುವರೆಂಬುದರಲ್ಲಿ ಒಂದು ಆತ್ಮಪರೀಕ್ಷೆಯುಂಟು.

ಇದಕ್ಕೆ ಎದುರಾಗಿ ನಮ್ಮ ನಾಡಿನ ಒಂದು ಚರಿತ್ರೆಯನ್ನಿಡುವೆನು, ಇದು ದಂತಕಥೆಯಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆಗಳ ಜಂತಿಯ ಮೇಲೆ, ಮಠಮಠಗಳ ಗವಾಕ್ಷಿಗಳಲ್ಲಿ, ಪೂಜೆಯ ಕಟ್ಟುಗಳಾಗಿ ಬಿದ್ದಿದ್ದ ಶರಣರ ವಚನಗಳ ತಾಳೆಯೋಲೆಗಳನ್ನು ಅರಸುತ್ತ ಬಹುಕಾಲ ಅಲೆದರು. ನಮ್ಮ ರಾಣೆಬೆನ್ನೂರು ತಾಲೂಕಿನ ತುಂಗಭದ್ರೆಯ ದಡದಲ್ಲಿ ತನ್ನ ಹೆಸರಿನ ಊರನ್ನುಳಿಸಿ ಹೋದ ಅಂಬಿಗರ ಚೌಡಯ್ಯನಂಥವರ ಮಾತುಗಳೂ ಅಂಥ ಓಲೆಗಳಲ್ಲಿಯೇ ಅಡಗಿದ್ದವು. ಸಂಗ್ರಾಹಕನ ದೃಷ್ಟಿಯಿಂದ ನೋಡಿದರೆ ಹಳಕಟ್ಟಿಯವರ ಕೈಯಲ್ಲಿದ್ದುದು ಅಪಾರವಾದ ನಿಧಿ. ಕವಚದಲ್ಲಿಟ್ಟು ಕಾದಿದ್ದರೆ ಬೆಲೆ ಏರುತ್ತಲೇ ಹೋಗುತ್ತಿತ್ತು. ಅವರು ಮಾಡಿದ್ದಾದರೂ ಏನು? 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿ, ಮುಂದೆ, ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಒಂದಿದ್ದುದನ್ನು ಸಾವಿರ ಮಾಡಿ ಹಂಚಿದರು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ತಮ್ಮ ಕೈಯ ವಸ್ತುವಿನ ಅಪೂರ್ವತೆಯನ್ನು ತಾವೇ, ತಮ್ಮ ಮನೆಯ ಖರ್ಚಿನಿಂದ, ಹಾಳುಮಾಡಿದರು. ಎರಡನೆಯ ಪ್ರತಿಯನ್ನು ಸುಟ್ಟವನೊಬ್ಬ, ಎರಡನೆಯ ಪ್ರತಿಯಾಗಲೆಂದು ಮನೆ ಮಾರಿದವರೊಬ್ಬರು. ಹಳೆಯ ವಸ್ತುವನ್ನು ಪ್ರೀತಿಸುವವರೆಲ್ಲರೂ ಈ ಎರಡು ತುದಿಗಳ ನಡುವೆ ಎಲ್ಲಿಯೋ ನಿಂತಿರುವರು.

ಹಾಗೆಂದು ಸಂಗ್ರಹವೇ ಪಾಪವೆಂದು ಹೇಳುವ ಸಂನ್ಯಾಸಿಯ ಕಠೋರತೆ ನನ್ನದಲ್ಲ. ಎಲ್ಲರೂ ಕಸವೆಂದು ಗುಡಿಸಿದ್ದನ್ನು ಒಬ್ಬನು ಎತ್ತಿಟ್ಟುಕೊಂಡನೆಂಬುದರಿಂದಲೇ ಎಷ್ಟೋ ಬಾಳಿನ ಗುರುತುಗಳು ನಮಗೆ ಉಳಿದುಬಂದಿವೆ. ಬಾಲ್ಯದಲ್ಲಿ ತನಗೆ ದೊರೆಯದಿದ್ದ ಆ ನಲವತ್ತನೆಯ ಚೀಟಿಯನ್ನು ಮುಪ್ಪಿನಲ್ಲಿ ಕೊಂಡು ಎದುರಿಗಿಟ್ಟುಕೊಂಡ ಮನುಷ್ಯನನ್ನು ಕಂಡು ನಾನು ನಗಲಾರೆ. ಜೈನಾಚಾರ್ಯರು ಗೃಹಸ್ಥನಿಗೆ ಪರಿಗ್ರಹವನ್ನು ಪೂರ್ತಿಯಾಗಿ ಬಿಡೆಂದು ವಿಧಿಸಲಿಲ್ಲ, ಪರಿಮಾಣವನ್ನಿಟ್ಟುಕೋ ಎಂದರು. ಮತ್ತು ದೋಷವನ್ನು ಅವರು ಹುಡುಕಿದ್ದು ಹೊರಗಿನ ವಸ್ತುವಿನಲ್ಲಲ್ಲ, ವಸ್ತುವಿನ ಮುಂದೆ ಮನಸ್ಸಿಗೆ ಕವಿಯುವ ಮೈಮರವೆಯಲ್ಲಿ. ಮಮತೆಯಿಲ್ಲದವನ ಭಂಡಾರವು ಪರಿಗ್ರಹವಾಗದೆಯೂ ಇರಬಹುದು; ಮಮತೆಯುಳ್ಳವನ ಒಂದು ರಟ್ಟಿನ ಚೂರೇ ಸಂಸಾರವಾಗಬಹುದು.

ಮಾರುವವನಿಗೂ ಇಲ್ಲಿ ಒಂದು ಧರ್ಮವುಂಟು. ಈ ವ್ಯಾಪಾರದಲ್ಲಿ ಬೆಲೆ ತಿಳಿಯುವ ಬಲ್ಲಿದರು, ಕೇಳುವ ದರವನ್ನು ನಂಬದೆ ನಿಜವಾಗಿ ಕೊಟ್ಟುಕೊಂಡ ದರವನ್ನೇ ನೋಡಬೇಕೆಂದೂ, ಅಂಚು ಕತ್ತರಿಸಿ ನೇರಮಾಡಿದ್ದುಂಟೋ, ಬಣ್ಣ ಹಚ್ಚಿದ್ದುಂಟೋ, ಮರುಮುದ್ರಣವೋ ಎಂಬುದನ್ನು ಮಾರುವವನು ತಾನಾಗಿಯೇ ಹೇಳಬೇಕೆಂದೂ ಹೇಳುವರು. ಹೇಳದಿದ್ದರೆ ಏನಾಗುವುದೆಂಬುದಕ್ಕೆ ಒಂದು ಪ್ರಸಿದ್ಧ ಸಾಕ್ಷ್ಯವಿದೆ. ಮೇಲೆ ಹೇಳಿದ ಗ್ರೆಟ್ಸ್ಕಿಯೇ 1991ರಲ್ಲಿ ಪಾಲುದಾರನೊಬ್ಬನೊಡನೆ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಒಂದು ಹಳೆಯ ಚೀಟಿಯನ್ನು 4 ಲಕ್ಷ 51 ಸಾವಿರ ಡಾಲರಿಗೆ ಕೊಂಡನು, ಪಿ.ಎಸ್.ಎ. ಸಂಸ್ಥೆಯು ದರ್ಜೆಯನ್ನಿತ್ತ ಮೊದಲ ಚೀಟಿಯೇ ಅದು. ಅದರ ಅಂಚುಗಳನ್ನು ತಾನು ಕತ್ತರಿಸಿದ್ದೆನೆಂದು ಬಿಲ್ ಮ್ಯಾಸ್ಟ್ರೊ ಎಂಬ ಹರಾಜುದಾರನು 2013ರಲ್ಲಿ ನ್ಯಾಯಾಲಯದೆದುರು ಒಪ್ಪಿಕೊಂಡನು. ಆಡದ ಕೈಗೆ ಬಹುಮಾನವನ್ನಿಟ್ಟ ಪೇಟೆಯಲ್ಲಿ ಆಡಿದ ಕೈಯ ಗುರುತನ್ನು ಕತ್ತರಿಯಿಂದ ಅಳಿಸುವವರು ಹುಟ್ಟುವುದು ಸಹಜವೇ.

ನಮ್ಮ ದೇಶದಲ್ಲಿ ಈ ಧರ್ಮವು ಕಾನೂನಿನ ರೂಪವನ್ನೂ ತಾಳಿದೆ. ಹತ್ತು ರೂಪಾಯಿಗೆ ಮೀರಿದ ನಿಧಿಯು ನೆಲದಲ್ಲಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯು ವಿಧಿಸುತ್ತದೆ. ನೂರು ವರ್ಷಕ್ಕಿಂತ ಹಳೆಯದಾದ ಪುರಾವಸ್ತುಗಳನ್ನು ಮಾರುವ ವ್ಯಾಪಾರವನ್ನು ಪರವಾನಗಿಯಿಲ್ಲದೆ ನಡೆಸಕೂಡದು, ಅಂಥವನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸಲೇಕೂಡದು ಎಂದು 1972ರ ಕಾಯಿದೆಯು ಹೇಳುತ್ತದೆ. ನಮ್ಮ ಹೊಲಗಳ ಬದುವಿನಲ್ಲಿ ನಿಂತ ವೀರಗಲ್ಲನ್ನು ಒಬ್ಬನು ಕಿತ್ತು ಮಾರಿದರೆ, ಕೊಂಡವನಿಗೆ ಒಂದು ಕಲ್ಲು ಸಿಕ್ಕೀತು. ಊರಿಗೆ ಉಳಿಯುವುದು ಒಂದು ಕುಳಿ. ರಟ್ಟಿನ ಚೀಟಿಯ ಅಭಾವದಿಂದ ಯಾರಿಗೂ ನಷ್ಟವಿಲ್ಲ; ವೀರಗಲ್ಲಿನ ಅಭಾವದಿಂದ ಊರು ತನ್ನ ಸತ್ತವರನ್ನು ಮರೆಯುವುದು. ಯಾವ ಅಭಾವವು ಒಬ್ಬನ ಸ್ವತ್ತು, ಯಾವುದು ಎಲ್ಲರ ನಷ್ಟ ಎಂಬ ವಿವೇಕವಿಲ್ಲದೆ ಕೊಳ್ಳುವವನು ರಸಿಕನೆನಿಸಿದರೂ ಸಜ್ಜನನೆನಿಸಲಾರನು.

ಕೊನೆಯದಾಗಿ, ಅಭಾವವನ್ನು ಆಶ್ರಯಿಸದ ಬೆಲೆಯೆಂಬುದು ಲೋಕದಲ್ಲಿ ಉಂಟೇ ಎಂಬುದು ಪ್ರಶ್ನೆ. ಉಂಟು, ಆದರೆ ಅದು ಪೇಟೆಗೆ ಬರುವುದಿಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ ಆದಿಕೇಶವನನ್ನು ನೆಲೆಗೊಳಿಸಿದ ಕನಕದಾಸರಿಗೆ, ಅವರು ಇನ್ನೂ ನಾಯಕರಾಗಿದ್ದ ಕಾಲದಲ್ಲಿ, ನೆಲದೊಳಗೆ ಹೊನ್ನಿನ ನಿಧಿ ದೊರೆಯಿತೆಂದೂ, ಅದನ್ನು ದೇವರಿಗೂ ಜನರಿಗೂ ವೆಚ್ಚಮಾಡಿದುದರಿಂದಲೇ ತಿಮ್ಮಪ್ಪನು ಕನಕನಾದನೆಂದೂ ಐತಿಹ್ಯವು ಹೇಳುತ್ತದೆ. ಬಚ್ಚಿಟ್ಟ ಹೊನ್ನಿಗೆ ಹೆಸರಿರಲಿಲ್ಲ. ಕೊಟ್ಟ ಮೇಲೆ ಕೊಟ್ಟವನಿಗೇ ಹೊನ್ನಿನ ಹೆಸರು ಬಂದಿತು. ಜಾತ್ರೆಯಲ್ಲಿ ಹತ್ತು ಜನ ಪ್ರಸಾದವನ್ನು ಪಡೆದರೂ ಹತ್ತು ಸಾವಿರ ಜನ ಪಡೆದರೂ ನನ್ನ ಕೈಯ ಪ್ರಸಾದದ ಮಹಿಮೆಗೆ ಕುಂದಿಲ್ಲ. ಬದಲಾಗಿ ನೆರೆಯವನಿಗೂ ಸಿಕ್ಕಿತೆಂಬುದರಿಂದ ನನ್ನ ತೃಪ್ತಿ ಹೆಚ್ಚುವುದು. ವಿದ್ಯೆಯೂ ಹಾಗೆ, ನಾಮಸ್ಮರಣೆಯೂ ಹಾಗೆ. ಇವುಗಳ ಪರಮಾರ್ಥವೇ ಇವುಗಳಿಗೆ ಪ್ರತಿಸ್ಪರ್ಧಿಯ ಬರಿಗೈ ಬೇಡವೆಂಬುದು. ದರ್ಜೆ ಕಟ್ಟುವವನು ಇವುಗಳ ಮೂಲೆಯನ್ನು ನೋಡಲಾರನು, ಜನಗಣತಿ ಮಾಡುವವನು ಇವುಗಳನ್ನು ಎಣಿಸಲಾರನು.

ಪ್ರಸಾದದ ಧರ್ಮವನ್ನು ಪೇಟೆಯ ವಸ್ತುವಿಗೆ ಪೂರ್ತಿಯಾಗಿ ಹೊಂದಿಸುವುದು ಅಶಕ್ಯವೇ ಸರಿ. ಹಳೆಯ ಚೀಟಿಯನ್ನೋ, ನಾಣ್ಯವನ್ನೋ, ಪುಸ್ತಕವನ್ನೋ ಕೊಳ್ಳಲು ಕೈ ಮುಂದೆ ಮಾಡಿದವನಿಗೆ ಅಪರಿಗ್ರಹವನ್ನು ಬೋಧಿಸಿ ಕಳುಹಿಸುವುದೂ ವ್ಯರ್ಥ. ಆದರೆ ಒಂದು ಪರೀಕ್ಷೆಯನ್ನು ಅವನು ತನಗೆ ತಾನೇ ಮಾಡಿಕೊಳ್ಳಬಹುದು. ನಾಳೆ ಯಾವುದೋ ಅಟ್ಟದ ಮೇಲೆ ಇದರದೇ ಎರಡನೆಯ ಪ್ರತಿ ಸಿಕ್ಕಿತೆಂದು ಸುದ್ದಿ ಬಂದರೆ ಏನೆನ್ನಿಸೀತು ಎಂಬುದೇ ಆ ಪರೀಕ್ಷೆ. ಆ ಸುದ್ದಿಯಿಂದ ಅವನ ಕಪಾಟಿನ ಬೆಲೆಯು ಅರ್ಧಕ್ಕೆ ಇಳಿಯುವುದೇನೋ ನಿಶ್ಚಯ. ಆದರೂ ಆ ಸಂಜೆ ಅವನು ಮನೆಯವರಿಗೆ ಸಿಹಿ ಹಂಚಬಲ್ಲನಾದರೆ, ಅವನು ಕೊಂಡಿದ್ದುದು ವಸ್ತುವನ್ನು, ಮತ್ತು ಎಷ್ಟು ಕೊಟ್ಟಿದ್ದರೂ ಅದು ದುಬಾರಿಯಲ್ಲ. ಹಂಚಲಾರನಾದರೆ, ಅವನು ಕೊಂಡಿದ್ದುದು ನೆರೆಯವನ ಬರಿಗೈಯನ್ನು, ಮತ್ತು ಅದು ಎಷ್ಟು ಅಗ್ಗಕ್ಕೆ ಸಿಕ್ಕಿದ್ದರೂ ಕೊಳ್ಳತಕ್ಕದ್ದಲ್ಲ.